ಅಲ್ಲಾಡಿಸಿ ನೋಡುವ ಹಾಗಿಲ್ಲ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಬೆನ್ನು ಮಾಡಿ ನನ್ನ ಅಂಗಡಿ.
ಮೂರು ಟಿವಿ, ನಾಲ್ಕು ಕುರ್ಚಿ, ಗಂಟೆಗೆ ನಲವತ್ತು ರೂಪಾಯಿ.
ನಾಲ್ಕನೇ ಕುರ್ಚಿ ಕಾಯುವವರಿಗೆ.

ಆ ಆಟ ಬರುತ್ತದೆಂದು ಎರಡು ವರ್ಷದಿಂದ ಹೇಳುತ್ತಿದ್ದರು.
ಟ್ರೇಲರಿನಲ್ಲಿ ಕುದುರೆಯ ಬೆವರೂ ಹೊಳೆಯುತ್ತಿತ್ತು.
ಮುಂಗಡ ಕೊಟ್ಟವರಿಗೆ ಬಂಗಾರದ ಜೀನು ಎಂದರು.
ಕೊಟ್ಟೆ,
ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಬಿಟ್ಟ ಒಂದು ರೂಪಾಯಿಯನ್ನು ದಯೆಯೆಂದು ತಿಳಿಯಬೇಕು.

ಇಳಿಸಿಕೊಳ್ಳಲು ಎರಡು ರಾತ್ರಿ.
ತೊಂಬತ್ತೊಂದು ಪರ್ಸೆಂಟಿಗೆ ಬಂದು ನಿಂತ ಹಸಿರು ಗೆರೆಯನ್ನು
ಹೆರಿಗೆ ವಾರ್ಡಿನ ಹೊರಗೆ ಕೂತವನ ಹಾಗೆ
ಎದ್ದು ನೋಡಿದೆ, ಕೂತು ನೋಡಿದೆ.

ಶುಕ್ರವಾರ ಸಂಜೆ ಬಾಗಿಲಲ್ಲಿ ಹದಿನಾಲ್ಕು ಜೊತೆ ಚಪ್ಪಲಿ.
ನೂಲು ತೆಗೆಯುವ ಶೆಡ್ಡಿನಿಂದ ನೆಟ್ಟಗೆ ಬಂದಿದ್ದ ತಬ್ರೇಜ್.
ಇಪ್ಪತ್ತು ವರ್ಷದ ಹುಡುಗನಿಗೆ
ಬಿಸಿನೀರಲ್ಲಿ ನೆನೆದು ನೆನೆದು ಮುದುಕನ ಬೆರಳು.
ಬಟವಾಡೆಯಿಂದ ನೂರಿಪ್ಪತ್ತು ಎಣಿಸಿ ಮೇಜಿನ ಮೇಲಿಟ್ಟ.
'ಮೂರ್ ಗಂಟೆ ಅಣ್ಣ. ಮೊದ್ಲು ನಾನೇ.'

ಜೀನು ಬಂಗಾರದ್ದೇ. ಅದರಲ್ಲಿ ಸುಳ್ಳಿರಲಿಲ್ಲ.
ಸೇತುವೆಯ ಮೇಲೆ ಏಳು ಹೆಜ್ಜೆ.
ಎಂಟನೆಯದಕ್ಕೆ
ಸೇತುವೆಯ ಚಿತ್ರವಿತ್ತು, ನೆಲವಿರಲಿಲ್ಲ.
ಕುದುರೆ, ಸವಾರ, ಬಂಗಾರ ಎಲ್ಲ ಒಟ್ಟಿಗೆ
ಬೂದಿ ಬಣ್ಣದೊಳಗೆ ಬೀಳುತ್ತ
ಬೀಳುತ್ತ
ಬೀಳುವುದಕ್ಕೂ ಒಂದು ತಳ ಬೇಕಲ್ಲ,
ಅದನ್ನೂ ಮಾಡಿರಲಿಲ್ಲ.

ಹುಡುಗರು ಬಿದ್ದು ಬಿದ್ದು ನಕ್ಕರು. ಎರಡನೇ ಸಲ ಅಷ್ಟು ನಗಲಿಲ್ಲ.
ಮೂರನೇ ಸಲ ಬೇರೆ ದಾರಿ ಹಿಡಿದರೆ
ಊರಬಾಗಿಲಲ್ಲಿ ಮುಖವಿಲ್ಲದ ಯಜಮಾನ:
ಗಾಳಿಯಲ್ಲಿ ಎರಡು ಕಣ್ಣು, ಒಂದು ಸಾಲು ಹಲ್ಲು,
ಇಂಗ್ಲಿಷಿನಲ್ಲಿ ಸ್ವಾಗತ ಕೋರಿದವು.
ಆಮೇಲೆ ಟಿವಿಯೇ ಕಪ್ಪಾಯಿತು.

ತಬ್ರೇಜ್ ದುಡ್ಡು ವಾಪಸ್ಸು ಕೇಳಲಿಲ್ಲ. ಕಷ್ಟವಾದದ್ದೇ ಅದು.
ಎಳೆ ಕಡಿದರೆ ತುದಿ ಹುಡುಕಿ ಸೇರಿಸುವುದು ಅವನ ಕಸುಬು.
ಹಾಗೇ ಬೇಜಾರಿಲ್ಲದೆ ಮತ್ತೆ ಮೊದಲಿಂದ,
ಮತ್ತೆ ಮೊದಲಿಂದ.
ನಾನೇ ನೂರಿಪ್ಪತ್ತನ್ನು ಅವನ ಜೇಬಿಗೆ ತುರುಕಿದೆ.
ಉಳಿದವರಿಗೂ ಕೊಟ್ಟೆ. ಆಟ ಮಾಡಿದವನು ನಾನಲ್ಲ, ನಿಜ;
ಆದರೆ ಬಾಗಿಲ ಮೇಲಿನ ಬೋರ್ಡು ನನ್ನದು.

ಕಂಪನಿಗೆ ಬರೆದೆ, ಅಪ್ಪನ ಹೆಸರು ಸೇರಿಸಿ ಪೂರ್ತಿ ಹೆಸರು ಹಾಕಿ:
ಮುನಿಶಾಮಪ್ಪನ ಮಗ ಬ್ಯಾಟರಾಯಪ್ಪ.
'ಪ್ರಿಯ ಆಟಗಾರ' ಎಂದು ಉತ್ತರ ಬಂತು.
ನಿಮ್ಮ ಅನುಭವ ನಮಗೆ ಅಮೂಲ್ಯ.
ತಾವು ಎರಡು ಗಂಟೆಗಿಂತ ಹೆಚ್ಚು ಆಡಿರುವುದರಿಂದ
ಹಣ ಹಿಂದಿರುಗಿಸಲು ಬರುವುದಿಲ್ಲ.
ಬಿದ್ದ ಹೊತ್ತನ್ನೂ ಆಡಿದ ಲೆಕ್ಕಕ್ಕೆ ಬರೆದುಕೊಂಡಿದ್ದರು.
ಕೆಳಗೆ ಯಾರ ಸಹಿಯೂ ಇಲ್ಲ.
ಹೆಸರಿದ್ದರೆ ಬೈದಾದರೂ ಬೈಯುತ್ತಿದ್ದೆ.

ಮಾರನೇ ದಿನ ಚಾ ಕುಡಿಯಲು ಮಾರ್ಕೆಟ್ಟಿನೊಳಗೆ ಹೋದೆ.
ರೀಲರು ಬಷೀರ್ ಸಾಬರು ರಾಶಿಯಲ್ಲಿ ಮೊಣಕೈವರೆಗೆ ಕೈಯಿಟ್ಟು
ಅಡಿಯಿಂದ ಒಂದು ಗೂಡು ತೆಗೆದರು,
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.
ಒಳಗೆ ಹುಳ ಟಕ್ಕೆಂದರೆ ಮಾಲು ಸರಿ.
ಸದ್ದಿಲ್ಲದಿದ್ದರೆ ಸತ್ತು ಅಂಟಿಕೊಂಡಿದೆ.
ಮಾರಲು ಬಂದಿದ್ದ ಪಿಳ್ಳಪ್ಪ ಅಷ್ಟರಲ್ಲೇ
ಪಕ್ಕದ ಟವೆಲ್ಲಿನ ಗಂಟು ತೋರಿಸಿದ:
'ಇವು ಕರೆ ಬಿದ್ದವೆ ಸಾಬ್ರೆ, ನಾನೇ ಆರ್ಸಿಟ್ಟಿವ್ನಿ.
ತೂಕಕ್ಕೆ ಹಾಕ್ಬೇಡಿ.'

ಚಾ ತಣ್ಣಗಾಯಿತು.
ಎಪ್ಪತ್ತು ಜಿಬಿಯನ್ನು ಯಾವ ಕಿವಿಯ ಹತ್ತಿರ ಹಿಡಿಯುವುದು?

ಮೂರು ವಾರದ ಮೇಲೆ ರಿಪೇರಿ ಬಂತು, ಅದೇ ಮೂವತ್ತೆಂಟು ಜಿಬಿ.
ಸೇತುವೆಗೆ ನೆಲ ಹಾಕಿದ್ದೇವೆ ಎಂದು
ದಾನ ಕೊಟ್ಟವರ ಧಾಟಿಯಲ್ಲಿ ಬರೆದಿದ್ದರು.
ಹದಿನಾಲ್ಕರಲ್ಲಿ ಐದು ಜೊತೆ ಚಪ್ಪಲಿ ಬಂದವು.

ತಬ್ರೇಜ್ ಕುದುರೆ ಹತ್ತಿದ. ಐದು, ಆರು, ಏಳು.
ಏಳಕ್ಕೆ ನಿಲ್ಲಿಸಿದ.
ಮುಂದೆ ಹೋಗೋ ಎಂದು ಹಿಂದಿನವರು ತಿವಿದರು.
ಅವನು ಕಂಟ್ರೋಲರನ್ನು ಕಿವಿಯ ಹತ್ತಿರ ಹಿಡಿದು
ಮೆಲ್ಲಗೆ ಅಲ್ಲಾಡಿಸಿದ.

ಒಳಗೆ ಯಾವುದೋ ಸ್ಕ್ರೂ
ಟಕ್ ಎಂದಿತು.