ಮೂರನೇ ಒಲಿ

ಹನ್ನೊಂದಕ್ಕ ಫಲಿತಾಂಶ ಬಿಡ್ತಾರಂತ
ಹತ್ತೂವರಿಗೇ ಬಂದು ನಿಂತಾರ ಎಲ್ಲರೂ:
ಆಳಂದದಿಂದ, ಜೇವರ್ಗಿಯಿಂದ,
ಸೇಡಂ ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲಿಂದ,
ಚಿಂಚೋಳಿ ಕಡಿ ಯಾರೋ ಎಮ್ಮಿ ಬಿಟ್ಟು ಬೇವಿನ ಮರ ಏರಿ
ಟೊಂಗಿ ತುದಿಗೆ ಸಿಗೋ ಎರಡು ಗೆರಿ ಸಿಗ್ನಲ್ಲಿನಿಂದ.
ನನಗ ಮುಖ ಕಾಣಂಗಿಲ್ಲ. ನನಗ ಕಾಣೂದು
ಪರದೆ ಮ್ಯಾಲ ಏರೋ ಒಂದು ಹಸರು ಗೆರಿ.

ಹೊರಗ ಕಲಬುರಗಿ, ನಲವತ್ನಾಲ್ಕು ಡಿಗ್ರಿ.
ಒಳಗ ಸರ್ವರ್ ಖೋಲಿಯಾಗ ನಾ ಸ್ವೆಟರ್ ಹಾಕ್ಕೊಂಡೀನಿ.
ವಾಚ್‌ಮನ್ ಗುಂಡಪ್ಪ ನಗ್ತಾನ:
"ಮೇಡಮ್ಮೋರು ಶಿಮ್ಲಾದಾಗ ಅದಾರ."

ನಾಕು ಸರ್ವರು. ಮುಂದ ಬಾಗಿಲದಾಗ ಒಂದು ಪೆಟ್ಟಿಗಿ.
ಬಂದವರು ಮೊದಲು ಪೆಟ್ಟಿಗೀಗಿ ಕೇಳ್ತಾರ, ನೀ ಯಾರು?
ಅದು ತನ್ನ ಸನದು ತೋರಸ್ತದ,
ಮೊಹರು, ತಾರೀಖು, ಮ್ಯಾಲಿನವರ ಸಹಿ.
ನಮ್ಮ ಮುತ್ತ್ಯಾನ ಟ್ರಂಕಿನಾಗಿನ ನಿಜಾಮರ ಕಾಲದ ಕಾಗದ ಇದ್ದಂಗ,
ಆದರ ಇದಕ್ಕ ತೊಂಬತ್ತು ದಿನಕ್ಕೇ ಮುಪ್ಪು.
ಹೋದ ವರ್ಷ ಒಂದು ಐತಾರ ಮರೆತಿದ್ದೆ.
ಇಡೀ ವಿಶ್ವವಿದ್ಯಾಲಯ ಒಂದೂವರಿ ತಾಸು
ಸುಳ್ಳುಗಾರ ಆಗಿ ನಿಂತಿತ್ತು.

ಸನದು ಒಪ್ಪಿದ ಮ್ಯಾಲ ಇಬ್ಬರೂ ಕೂಡಿ
ತುಂಬಿದ ಸಂತಿಯಾಗ, ಎಲ್ಲರಿಗೂ ಕೇಳೂವಂಗ ಮಾತಾಡಿ
ಯಾರಿಗೂ ಸಿಗದ ಒಂದು ಕೀಲಿ ಮಾಡ್ಕೋತಾರ.
ಹ್ಯಾಂಗ ಅಂತ ಗಣಿತದಾಗ ಬರದು ತೋರಸಬಲ್ಲೆ.
ಆದರೂ ನೆನಪಾಗೂದು ನಮ್ಮವ್ವ, ನಮ್ಮ ಚಿಕ್ಕವ್ವ,
ಮಂದಿ ತುಂಬಿದ ಪಡಸಾಲಿಯಾಗ
ಬರೇ ಹುಬ್ಬಿನಾಗೇ ಮಾತು ಮುಗಸ್ತಿದ್ದದ್ದು.

ಚಿಕ್ಕವ್ವ ಅಂದ್ರ ಜಗದೇವಿ. ಶಹಾಬಜಾರದಾಗ ರೊಟ್ಟಿ ಕೇಂದ್ರ.
ನಾಕು ಒಲಿ, ನಾಕು ಹಂಚು, ನಾಕು ಜೋಡಿ ಕೈ:
ಮಲಕಮ್ಮ, ಹಲೀಮಾ, ಚಂದಮ್ಮ, ಸಣ್ಣ ನೀಲಾ.
ಗಲ್ಲಾದಾಗ ಚಿಕ್ಕವ್ವ, ಬೆನ್ನು ಒಲಿ ಕಡಿ.
ಲಗ್ನದ ಮನಿಯವರು ಐದುನೂರು ಖಡಕ್ ರೊಟ್ಟಿ ಅಂದ್ರ
ತಿರುಗಿ ನೋಡದೇ ಹೇಳತಿದ್ದಳು:
"ಮಲಕಮ್ಮ, ಎರಡನೂರು ನಿಂದು.
ಹಲೀಮಾಗ ಹಿಂದಿಂದೇ ಎಂಬತ್ತು ಉಳದಾವ, ಅಕಿಗಿ ನೂರು ಸಾಕು.
ನೀಲಾನ ಕೈ ಇನ್ನಾ ಎಳೀದು, ಐವತ್ತು.
ಉಳದದ್ದು ಚಂದಮ್ಮ."
ಲೆಕ್ಕ ಎಲ್ಲಾ ರೊಟ್ಟಿ ಬಡಿಯೋ ಸಪ್ಪಳದ ಮ್ಯಾಲ.
ಗಿರಾಕಿಗಿ ಒಲಿ ಕಾಣಂಗಿಲ್ಲ,
ಯಾರ ಕೈದು ಅಂತ ಕೇಳಂಗಿಲ್ಲ.
ಒಳಗ ಮಾತ್ರ ಎಲ್ಲಾ ಬಿಚ್ಚುಮಾತು, ಸೊಸಿ ಸುದ್ದಿ, ಸಾಲದ ಸುದ್ದಿ.
ನನ್ನ ಪೆಟ್ಟಿಗೀನೂ ಹಂಗೇ: ಲಕೋಟಿ ಬಾಗಿಲದಾಗೇ ಒಡೀತದ,
ಒಲಿ ಮುಂದ ಯಾರಿಗೆ ಯಾರ ಮುಚ್ಚುಮರಿ?

ಹನ್ನೊಂದು.
ಗೆರಿ ಹೋಗಿ ಗ್ವಾಡಿ ಆಯ್ತು.
ಪೆಟ್ಟಿಗಿ ಹಂಚ್ತು, ಹಂಚ್ತು, ಉಸರು ಬಿಡಲಿಲ್ಲ.
ಹನ್ನೊಂದು ದಾಟಿ ಆರು ನಿಮಿಷಕ್ಕ
ಮೂರನೇದು ಓ ಅನ್ನಲಿಲ್ಲ.
ಐದು ಸೆಕೆಂಡಿಗೊಮ್ಮೆ ಕೂಗ್ತದ ಪೆಟ್ಟಿಗಿ, ಅದೀಯೇನು?
ಒಂದು ಸಲ. ಎರಡು. ಮೂರು.
ಆಮ್ಯಾಲ ಹೆಸರು ಹೊಡದು ಹಾಕ್ತದ.
ಆಳಂದದ ಹುಡುಗಗ ಗೊತ್ತಾಗಲಿಲ್ಲ. ಬೇವಿನ ಟೊಂಗಿ ಅಲುಗಲಿಲ್ಲ.
ಇದಕ್ಕೇ ಚಲೋ ಕೆಲಸ ಅಂತಾರ. ನಾನೇ ಕಲಿಸೀನಿ ಅದಕ್ಕ.

ಚಂದಮ್ಮನ ಸಪ್ಪಳ ನಿಂತ ದಿನ
ಚಿಕ್ಕವ್ವನೂ ಮೊದಲು ಅದನ್ನೇ ಮಾಡಿದಳು:
"ನೀಲಾ, ಅಕಿ ಹಿಟ್ಟು ನೀ ತಗೋ."
ಆಮ್ಯಾಲ ಗಲ್ಲಾ ತೆರೆದೇ ಬಿಟ್ಟು,
ರೊಕ್ಕ ಚಾಚಿದ ಗಿರಾಕಿ ಹಂಗೇ ನಿಂತಿರಲಿ ಅಂತ
ಎದ್ದು ಒಳಗ ಹೋದಳು.
ಹಂಚಿನ ಮ್ಯಾಲ ಒಂದು ರೊಟ್ಟಿ ಕರ್ರಗ.
ಏನಾಯ್ತು ಅನ್ನಲಿಲ್ಲ ಚಿಕ್ಕವ್ವ.
ಕುಂತು, ಹಿಟ್ಟಿನ ಕೈ ಹಿಡಕೊಂಡಳು.

"ಎಲ್ಲಾ ಬರೋಬರಿ ಅದ ಅಲ್ರಿ?" ಗುಂಡಪ್ಪ ಕೇಳದ.
ಹೊರಗಿನವರಿಗೆ ಅದ, ಅಂದೆ.
ಸ್ವೆಟರಿನ ತೋಳು ಮ್ಯಾಲ ಸರಿಸಿ
ಮೂರನೇದರ ಬೆನ್ನಿಗೆ ಕೈ ಇಟ್ಟೆ.
ಫ್ಯಾನ್ ನಿಂತಿತ್ತು.
ಹಂಚಿನಂಗ ಕಾದಿತ್ತು.