ಹನ್ನೆರಡು ಸೆಂಟು

ತಕರಾರು ಹನ್ನೆರಡು ಸೆಂಟು ಜಾಗದ್ದು,
ವಿರಾಜಪೇಟೆ ಕೋರ್ಟಿನಲ್ಲಿ ಒಂಬತ್ತು ವರ್ಷ.
ಅಮ್ಮತ್ತಿ ಸಂತೆಯಲ್ಲಿ ಬಿದ್ದಪ್ಪ ಎದುರಾದರೆ
ಇಬ್ಬರೂ ಹಸಿಮೆಣಸಿನ ರಾಶಿಯಲ್ಲಿ ಏನೋ ಹುಡುಕುತ್ತೇವೆ.

ಮಳೆಲೆಕ್ಕ ಮಾತ್ರ ಜಂಟಿ.
ಮಾಪಕ ನಿಂತಿರುವುದೇ ಆ ಹನ್ನೆರಡು ಸೆಂಟಿನಲ್ಲಿ;
ಅಳೆಯುವುದು ದಿನ ಬಿಟ್ಟು ದಿನ, ಸರದಿ.
ಅವನ ಕಂಪ್ಯೂಟರಿನಲ್ಲೊಂದು ಫೋಲ್ಡರು, ನನ್ನದರಲ್ಲೊಂದು,
ಜಗಳಕ್ಕೂ ಹಿಂದಿನ ವರ್ಷ ಅವನ ಮಗಳು ದೇಚು ಜೋಡಿಸಿಕೊಟ್ಟದ್ದು.
ನಡುವೆ ಯಾವ ಕಂಪನಿಯ ಉಗ್ರಾಣವೂ ಇಲ್ಲ.
‘ಕ್ಲೌಡಿಗೆ ಬಾಡಿಗೆ ಯಾಕೆ ಅಂಕಲ್,
ನಮಗೇನು ಮೋಡಕ್ಕೆ ಬರವಾ?’ ಅಂದಿದ್ದಳು.

ಷರತ್ತು ಒಂದೇ: ಎರಡೂ ಒಂದೇ ಹೊತ್ತಿಗೆ ಎಚ್ಚರಿರಬೇಕು.
ರಾತ್ರಿ ಎಂಟೂವರೆಗೆ ಗುಂಡಿ ಒತ್ತುತ್ತೇನೆ.
ಕರೆಂಟಿದ್ದು, ಅವನೂ ಒತ್ತಿದ್ದರೆ
ಮೂಲೆಯಲ್ಲಿ ಹಸಿರು ಚುಕ್ಕಿ.
ಒಮ್ಮೆ ಮೂರು ರಾತ್ರಿ ಬರಲಿಲ್ಲ.
ಮಡಿಕೇರಿ ಆಸ್ಪತ್ರೆಯಂತೆ.
ಯಾರನ್ನೂ ಕೇಳಲಿಲ್ಲ;
ಹತ್ತರವರೆಗೆ ಕೂತಿದ್ದೆ, ಅಷ್ಟೇ.

ಈ ಮಾರ್ಚಿ, ಹೂಮಳೆಯ ಮರುದಿನ
ಖುಷಿಗೆ ಸರದಿ ಮರೆತು ಇಬ್ಬರೂ ಅಳೆದು ಬರೆದಿದ್ದೇವೆ,
ಅವನು ತುಂತುರು ನಿಲ್ಲುವ ಮುಂಚೆ: ಒಂದಿಂಚು ಆರು ಸೆಂಟು,
ನಾನು ನಿಂತ ಮೇಲೆ: ಒಂದಿಂಚು ಹದಿನೆಂಟು.

ಯಂತ್ರ ಯಾರ ಪಕ್ಷವನ್ನೂ ಹಿಡಿಯಲಿಲ್ಲ.
ಒಂದೇ ಹೆಸರಿನ ಎರಡು ಪ್ರತಿ ಮಾಡಿ
ಒಂದಕ್ಕೆ ‘ಘರ್ಷಣೆ’ ಎಂದು ಬಾಲ ಅಂಟಿಸಿ
ಪಕ್ಕಪಕ್ಕ ಇಟ್ಟಿತು.

ಅವನದನ್ನು ಅಳಿಸಲು ಬೆರಳಿಟ್ಟೆ.
ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.
ಬೆರಳು ತೆಗೆದೆ.

ಒಂಬತ್ತೂಕಾಲು.
ಅವನೂ ಇನ್ನೂ ಆರಿಸಿಲ್ಲ.