ಋಣದ ತಂತಿ

ಟೂಸಾನ್. ಬೆಳಿಗ್ಗೆ ಹತ್ತಕ್ಕೇ ಬ್ಯೂಕಿನ ಬಾನೆಟ್ಟು ಕಾದ ಕಾವಲಿ.
“ರೇಡಿಯೋ ಮುಟ್ಟಬೇಡ ಮಗಳೇ,
ದನಿ ಮಾತ್ರ ದೊಡ್ಡದು ಮಾಡು” ಅಂದ
ಎವರಿಸ್ಟೋ, ಕಿವಿಗೆ ಕೈ ಒಡ್ಡಿ.

ಬ್ಯಾಟರಿಯ ಋಣ ಬಿಚ್ಚಿದರೆ
ಡಬ್ಬಿ ಎಲ್ಲ ಮರೆತುಬಿಡುತ್ತದೆ.
ಅದಕ್ಕೇ ಸೋಚಿಲ್ ಮೊದಲು
ಅಂಗೈಮೇಲೆ ಬರೆದುಕೊಂಡಳು
ಆರು ಗುಂಡಿ, ಆರು ಸ್ಟೇಷನ್ನು:
ಡೆಲ್ಫೀನಾ ಇದ್ದಾಗ ಕೂರಿಸಿಟ್ಟವು.

ಆಮೇಲೆ ಸೀಟಿನಡಿ ಆಂಪ್ಲಿಫೈಯರ್,
ಸ್ಪೀಕರಿನ ಹಳೇ ತಂತಿಗೆ ಕವಲು,
ಬಣ್ಣ ಕೆರೆದು, ಬರಿಯ ತಗಡು ಹೊಳೆಯುವ ತನಕ ಕೆರೆದು
ಅರ್ಥಿಂಗಿನ ಬೋಲ್ಟು.
ಕೀಲಿ ತಿರುಗಿತು.
ಬಾಗಿಲ ಜೇಬಿನ ಚಿಲ್ಲರೆ ಕುಣಿಯಿತು.

ನಾಲ್ಕನೆಯ ಗುಂಡಿಯಲ್ಲಿ ಬರೀ ಕೊರ್ರ್ ಸದ್ದು.
“ಈ ಸ್ಟೇಷನ್ನು ಮುಚ್ಚಿ ಎಷ್ಟೋ ವರ್ಷ,
ಬೇರೆ ಹಾಕಲೇ?”

ಅವನು ಗುಬುಟು ತಿರುಗಿಸಿದ,
ಇನ್ನೂ ಜೋರಿಗೆ.